ಒಡೆದ ಹಂಚಿನ ಹಾದಿ: ಶಾಂಘೈಯಿಂದ ಜಿಂಗ್‌ದೆಜೆನ್‌ಗೆ ಒಂಬತ್ತು ದಿನ

ಪುತ್ತೂರಿನ ಹತ್ತಿರ ಇದ್ದ ಅಜ್ಜಿ ಮನೆಯನ್ನು ಎರಡು ವರ್ಷದ ಹಿಂದೆ ಕೆಡವಿದೆವು. ಮನೆಯ ಮಾಡಿಗೆ ಮಂಗಳೂರು ಹಂಚು, ಕೊಟ್ಟಿಗೆಗೆ ಅದಕ್ಕಿಂತ ಹಳೆಯ ನಾಡ ಹಂಚು. ಗುಜರಿಯವರು ಬಂದರು. ಒಳ್ಳೆಯ ಹಂಚನ್ನೆಲ್ಲ ಎಣಿಸಿ ಲಾರಿಗೆ ತುಂಬಿಕೊಂಡು ಹೋದರು. ಕೊಟ್ಟಿಗೆಯ ನಾಡ ಹಂಚನ್ನು ಯಾರೂ ಕೇಳಲಿಲ್ಲ. ಅಣ್ಣ ಅದನ್ನು ತೋಟದ ಮೂಲೆಯಲ್ಲಿ ರಾಶಿ ಹಾಕಿಸಿದ. ಆವತ್ತು ನನಗೆ ಜಾಸ್ತಿ ಏನೂ ಅನ್ನಿಸಿರಲಿಲ್ಲ.

ಆಮೇಲೊಂದು ದಿನ ಅಕ್ಕನ ಮಗಳು ಪುಟ್ಟಿ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದಳು. ಅವಳು ಬೆಂಗಳೂರಿನಲ್ಲಿ ಡಿಸೈನ್ ಓದುತ್ತಿದ್ದಾಳೆ. ಫೋಟೊದಲ್ಲಿ ಒಂದು ಎತ್ತರದ ಗೋಡೆ. ಹತ್ತಿರ ಹಿಡಿದು ನೋಡಿದರೆ ಗೋಡೆ ತುಂಬ ಹಳೆಯ ಹಂಚು, ಒಡೆದ ಇಟ್ಟಿಗೆ. ಎಲ್ಲವನ್ನೂ ಸಾಲು ಸಾಲಾಗಿ ಜೋಡಿಸಿದ್ದಾರೆ. "ಚಿಕ್ಕಮ್ಮ, ಇದು ಚೀನಾದ ಒಂದು ಆರ್ಟ್ ಕಾಲೇಜು. ಕೆಡವಿದ ಮನೆಗಳ ಹಂಚಿನಿಂದ ಕಟ್ಟಿದ್ದಾರೆ" ಅಂದಳು. ನಾನು ಆ ಫೋಟೊವನ್ನು ಎಷ್ಟೋ ಹೊತ್ತು ನೋಡಿದೆ. ಏಪ್ರಿಲ್ ತಿಂಗಳಲ್ಲಿ ನಾವಿಬ್ಬರೂ ಹೊರಟೆವು.

ಮೊದಲ ದಿನ, ಭಾನುವಾರ: ಶಾಂಘೈ

ಸಿಂಗಪುರದ ಮೇಲೆ ಹಾರಿ ಬೆಳಗ್ಗೆ ಶಾಂಘೈಗೆ ಇಳಿದೆವು. ಕಣ್ಣು ಉರಿಯುತ್ತಿತ್ತು. ಆದರೂ ರೂಮಿನಲ್ಲಿ ಸಾಮಾನು ಇಟ್ಟು ಹೊರಗೆ ಬಂದುಬಿಟ್ಟೆವು.

ಇಲ್ಲಿ ನೋಟು ಕೊಡುವವರು ಕಾಣಿಸುವುದೇ ಕಡಿಮೆ. ನಮ್ಮ ಯುಪಿಐ ತರಹ ಎಲ್ಲವೂ ಕ್ಯೂಆರ್ ಕೋಡ್. ಅಲಿಪೇ, ಇಲ್ಲವಾದರೆ ವೀಚಾಟ್. ಬೆಂಗಳೂರಿನಲ್ಲೇ ಕಾರ್ಡ್ ಜೋಡಿಸಿಕೊಂಡು ಬಂದಿದ್ದೆ. ರಸ್ತೆ ಬದಿಯಲ್ಲಿ ಸುಟ್ಟ ಗೆಣಸು ಮಾರುವ ಅಜ್ಜಿಯ ಮುಂದೆ ನಿಂತು ಮೊಬೈಲ್ ಹಿಡಿದರೆ ನನ್ನ ಕಾರ್ಡನ್ನು ಬ್ಯಾಂಕು ತಡೆಹಿಡಿದಿತ್ತು. ಅಜ್ಜಿ ಕತ್ತಿಗೆ ಹಾಕಿಕೊಂಡಿದ್ದ ಕೋಡಿನ ರಟ್ಟನ್ನು ಎತ್ತಿ ಎತ್ತಿ ತೋರಿಸಿದರು. ಮೂರು ಸಲ ಆಗಲಿಲ್ಲ. ಕೊನೆಗೆ ಪುಟ್ಟಿಯ ಮೊಬೈಲಿನಿಂದ ದುಡ್ಡು ಹೋಯಿತು. ಅಷ್ಟರೊಳಗೆ ಅವರು ಗೆಣಸನ್ನು ನನ್ನ ಕೈಗೆ ಇಟ್ಟು, ತಿನ್ನು ತಿನ್ನು ಎಂದು ಸನ್ನೆ ಮಾಡಿದ್ದರು. ಒಳಗೆ ಹಳದಿ, ಬೆಲ್ಲದ ಪಾಕದ ಹಾಗೆ ಅಂಟು. ಚೀನಾದಲ್ಲಿ ತಿಂದ ಮೊದಲ ತುತ್ತು ಅದು.

ಮಧ್ಯಾಹ್ನ ಪೀಪಲ್ಸ್ ಪಾರ್ಕ್. ಶನಿವಾರ, ಭಾನುವಾರ ಅಲ್ಲಿ ಮದುವೆ ಸಂತೆ ಸೇರುತ್ತದೆ. ದಾರಿಯ ಎರಡೂ ಬದಿಗೆ ಬಿಡಿಸಿಟ್ಟ ಕೊಡೆಗಳು. ಪ್ರತಿ ಕೊಡೆಯ ಮೇಲೂ ಒಂದು ಹಾಳೆ. ಹುಟ್ಟಿದ ವರ್ಷ, ಎತ್ತರ, ಓದು, ಸಂಬಳ, ಸ್ವಂತ ಮನೆ ಇದೆಯೋ ಇಲ್ಲವೋ. ಶಾಂಘೈನ ಹುಕೌ ಇದೆಯೋ ಎಂಬುದೂ ಇರುತ್ತದೆ. ಹುಕೌ ಅಂದರೆ ಊರಿನ ನೋಂದಣಿ. ಅದಿದ್ದರೆ ಆ ಊರಿನ ಶಾಲೆ, ಆಸ್ಪತ್ರೆ, ಮನೆ ಕೊಳ್ಳುವುದು ಎಲ್ಲ ಸುಲಭ. ಕೊಡೆಯ ಹಿಂದೆ ಪುಟ್ಟ ಸ್ಟೂಲಿನ ಮೇಲೆ ಅಪ್ಪ ಅಮ್ಮಂದಿರು. ಮದುವೆ ಆಗಬೇಕಾದವರು ಮಾತ್ರ ಅಲ್ಲಿಲ್ಲ. ನಮ್ಮ ಕಡೆ ಜಾತಕದ ಪ್ರತಿ ಹಿಡಿದು ಓಡಾಡುವ ಅಮ್ಮಂದಿರು ನೆನಪಾದರು. ಪುಟ್ಟಿ ಒಂದು ಹಾಳೆಯ ಮುಂದೆ ಸುಮ್ನೆ ನಿಂತುಬಿಟ್ಟಳು. "1998ರಲ್ಲಿ ಹುಟ್ಟಿದವಳು, ಚಿಕ್ಕಮ್ಮ. ಇಷ್ಟೆಲ್ಲ ಬರೆದಿದ್ದಾರೆ, ಅವಳಿಗೆ ಏನು ಇಷ್ಟ ಅಂತ ಒಂದು ಸಾಲೂ ಇಲ್ಲ." ಆ ಹಾಳೆಯ ಹಿಂದೆ ಕೂತಿದ್ದ ತಾಯಿಯ ಮುಖದಲ್ಲಿ ನಾನು ಕಂಡದ್ದು ಆತಂಕ ಮಾತ್ರ. ಇಬ್ಬರ ಕಡೆಯೂ ನ್ಯಾಯ ಇದೆ ಅನ್ನಿಸಿತು.

ಪಾರ್ಕಿನಿಂದ ಹೊರಗೆ ಬಂದು ಸ್ವಲ್ಪ ನಡೆದರೆ ಒಂದು ಮಾಲ್. ಅಲ್ಲಿ ಆ ಮಕ್ಕಳ ವಯಸ್ಸಿನವರ ಸಾಲು. ಮುಚ್ಚಿದ ಡಬ್ಬಿಯಲ್ಲಿ ಯಾವ ಬೊಂಬೆ ಇದೆ ಎಂದು ತೆರೆಯುವವರೆಗೆ ಗೊತ್ತಾಗದ ಆಟಿಕೆಗಳನ್ನು ಕೊಳ್ಳುತ್ತಿದ್ದರು. ಹಲ್ಲು ಕಿರಿಯುವ ಲಬುಬು ಬೊಂಬೆ ಎಲ್ಲರ ಬ್ಯಾಗಿಗೂ ನೇತಾಡುತ್ತಿತ್ತು.

ಎರಡನೇ ದಿನ: ಶಾಂಘೈ

ಬೆಳಗ್ಗೆ ಆರೂವರೆಗೆ ಫುಷಿಂಗ್ ಪಾರ್ಕ್. 1909ರಲ್ಲಿ ಫ್ರೆಂಚರು ತಮಗಾಗಿ ಮಾಡಿಕೊಂಡಿದ್ದ ತೋಟ ಇದು. ಈಗ ಬೆಳಗಿನ ಹೊತ್ತು ಪೂರ್ತಿ ಹಿರಿಯರದ್ದು. ಒಂದು ಕಡೆ ತಾಯ್‌ಚಿ, ಇನ್ನೊಂದು ಕಡೆ ಸ್ಪೀಕರ್ ಇಟ್ಟುಕೊಂಡು ಜೋಡಿ ನೃತ್ಯ. ಒಬ್ಬ ತಾತ ಪೊರಕೆಯಷ್ಟು ಉದ್ದದ ಕುಂಚವನ್ನು ನೀರಿನಲ್ಲಿ ಅದ್ದಿ ಕಲ್ಲುಹಾಸಿನ ಮೇಲೆ ಬರೆಯುತ್ತಿದ್ದರು. ತುದಿಗೆ ಸ್ಪಂಜು. ಒಂದು ಗೀಟು ಎಳೆದು, ಕುಂಚ ಎತ್ತುವ ಮುಂಚೆ ಒಂದು ಕ್ಷಣ ನಿಲ್ಲಿಸಿ, ಆಮೇಲೆ ತಿರುಗಿಸಿ ಎತ್ತುತ್ತಿದ್ದರು. ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಮೊದಲನೆಯ ಸಾಲು ಒಣಗಿ ಮಾಯ. ಅವರು ಹಿಂದೆ ತಿರುಗಿ ನೋಡಲೇ ಇಲ್ಲ. ಜಾಗಿಂಗ್ ಮಾಡುತ್ತಿದ್ದ ಹುಡುಗನೊಬ್ಬ ಕಿವಿಯ ಇಯರ್‌ಫೋನ್ ತೆಗೆದು, ಕುಂಚ ಕೇಳಿ ಇಸಿದುಕೊಂಡು ಎರಡು ಅಕ್ಷರ ಬರೆದ. ತಾತ ಅವನ ಮಣಿಕಟ್ಟು ಹಿಡಿದು ಮೂರನೆಯದನ್ನು ಬರೆಸಿದರು.

ಅಲ್ಲಿಂದ ವುಕಾಂಗ್ ರಸ್ತೆ. ಎರಡು ರಸ್ತೆ ಸೇರುವ ಮೂಲೆಯಲ್ಲಿ ಹಡಗಿನ ಮೂತಿಯ ಹಾಗೆ ನಿಂತಿರುವ ಕಟ್ಟಡವೊಂದಿದೆ. ಲಾಸ್ಲೊ ಹುಡೆಕ್ ಎಂಬ ವಾಸ್ತುಶಿಲ್ಪಿ 1924ರಲ್ಲಿ ಕಟ್ಟಿದ್ದು. ಅದರ ಎದುರು ಫೋಟೊ ತೆಗೆಸಿಕೊಳ್ಳುವವರ ಜಾತ್ರೆ. ನಾವು ಅಲ್ಲಿ ಜಾಸ್ತಿ ನಿಲ್ಲಲಿಲ್ಲ. ಹಿಂದಿನ ಓಣಿಗಳಲ್ಲಿ ಕಾಫಿ ಅಂಗಡಿಗಳ ಮೇಲೆ ಕಾಫಿ ಅಂಗಡಿ. ಚಹಾದ ನಾಡು ಎಂದು ನಾವು ತಿಳಿದಿರುವ ದೇಶದ ಈ ಒಂದೇ ನಗರದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಕಾಫಿ ಅಂಗಡಿಗಳಿವೆ. 2023ರಲ್ಲಿ ಲಕಿನ್ ಎಂಬ ಕಾಫಿ ಕಂಪನಿ, ಹಿರಿಯರು ಔತಣದಲ್ಲಿ ಕುಡಿಯುವ ಮೌತಾಯ್ ಮದ್ಯವನ್ನು ಕಾಫಿಗೆ ಬೆರೆಸಿ ತಂದಾಗ ಮೊದಲ ದಿನವೇ 54 ಲಕ್ಷ ಲೋಟ ಮಾರಾಟವಾಗಿತ್ತು. ಅಪ್ಪನ ಗ್ಲಾಸಿನದ್ದನ್ನು ಮಗಳ ಲೋಟಕ್ಕೆ ತಂದ ಹಾಗೆ.

ಸಂಜೆ ಷಿಕುಮೆನ್ ಮನೆಗಳ ಓಣಿ ನೋಡಿದೆವು. ಕಲ್ಲಿನ ಚೌಕಟ್ಟು, ಕಪ್ಪು ಮರದ ಬಾಗಿಲು, ಒಳಗೆ ಪುಟ್ಟ ಅಂಗಳ. ಒಂದು ಓಣಿಯಲ್ಲಿ ಇನ್ನೂ ಜನ ಇದ್ದರು. ಬಿದಿರಿನ ಗಳುವಿನ ಮೇಲೆ ಬಟ್ಟೆ ಒಣಗುತ್ತಿತ್ತು. ಪಕ್ಕದ್ದು ದುಬಾರಿ ಅಂಗಡಿಗಳ ಸಾಲಾಗಿದೆ. ಬಾಗಿಲು ಅದೇ, ಕಲ್ಲು ಅದೇ, ಒಳಗಿದ್ದವರು ಮಾತ್ರ ಇಲ್ಲ. ಹೀಗೆ ಉಳಿಸುವುದು ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಕೆಡವುವುದಕ್ಕಿಂತ ಮೇಲು, ಅಷ್ಟೇ.

ಮೂರನೇ ದಿನ: ಹಾಂಗ್‌ಝೌ

ಶಾಂಘೈಯಿಂದ ಹಾಂಗ್‌ಝೌಗೆ ಬುಲೆಟ್ ರೈಲಿನಲ್ಲಿ ಒಂದು ಗಂಟೆ. ನಮ್ಮಲ್ಲಿ ಈ ಊರಿನ ಹೆಸರು ಏಷ್ಯನ್ ಗೇಮ್ಸ್‌ನಿಂದ ಗೊತ್ತು. ಕೊಡಗಿನ ರೋಹನ್ ಬೋಪಣ್ಣ 2023ರಲ್ಲಿ ಮಿಶ್ರ ಡಬಲ್ಸ್ ಚಿನ್ನ ಗೆದ್ದದ್ದು ಇಲ್ಲೇ.

ಪಶ್ಚಿಮ ಸರೋವರದ ದಂಡೆಗೆ ಬಂದಾಗ ಸೋನೆ ಮಳೆ. ಒಡೆದ ಸೇತುವೆ ಎಂಬ ಹೆಸರಿನ ಸೇತುವೆಯ ಮೇಲೆ ನೂರಾರು ಹುಡುಗಿಯರು ಹಾನ್‌ಫು, ಅಂದರೆ ಹಳೆಯ ಕಾಲದ ಚೀನೀ ಉಡುಪು, ಉಟ್ಟುಕೊಂಡು ನಿಂತಿದ್ದರು. ಎದೆಯ ಮೇಲೆ ಒಂದರ ಮೇಲೊಂದು ಬರುವ ಕೊರಳಪಟ್ಟಿ, ಅಗಲವಾದ ತೋಳು, ತಲೆಯ ಮೇಲೆ ಗಂಟು ಕಟ್ಟಿದ ಕೂದಲಿಗೆ ಸಿಕ್ಕಿಸಿದ ಕಡ್ಡಿಗಳು. ಬಿಳಿ ನಾಗಕನ್ಯೆ ಬಾಯ್ ಸೂಜನ್ ಮತ್ತು ಅವಳು ಪ್ರೀತಿಸಿದ ಹುಡುಗ ಷೂ ಷಿಯನ್ ಮೊದಲು ಭೇಟಿಯಾದದ್ದು ಇದೇ ಸೇತುವೆಯ ಮೇಲೆ ಎಂಬ ಕಥೆ ಇದೆ. ಕಥೆಯಲ್ಲಿ ಅವರಿಬ್ಬರನ್ನು ಹತ್ತಿರ ತರುವುದು ಒಂದು ಕೊಡೆ. ಹಾಗಾಗಿ ಕೈಯಲ್ಲಿ ಎಣ್ಣೆ ಕಾಗದದ ಕೊಡೆ ಬೇಕೇ ಬೇಕು.

ಮೊದಲು ನೋಡಿದಾಗ ಇದು ಬರೀ ಫೋಟೊ ಹುಚ್ಚು ಅನ್ನಿಸಿತು. ಪುಟ್ಟಿಗೂ ಉಡುವ ಆಸೆಯಾಗಿ ಬಾಡಿಗೆ ಅಂಗಡಿಗೆ ಹೋದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಅಲ್ಲಿ ಉಡಿಸುವ ಹುಡುಗಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಒಂದೊಂದು ಉಡುಪು ಯಾವ ರಾಜವಂಶದ ಕಾಲದ್ದು ಎಂದು ಮೊಬೈಲಿನಲ್ಲಿ ಅನುವಾದ ಮಾಡಿ ಹೇಳಿದಳು. ಪುಟ್ಟಿ ಆರಿಸಿದ್ದು ಮಾಮಿಯನ್ ಲಂಗ. ಕುದುರೆ ಮುಖದ ಲಂಗ ಎಂದು ಅದರ ಅರ್ಥ. ಮುಂದೆ ಹಿಂದೆ ಸಪಾಟಾದ ಪಟ್ಟಿ, ಎರಡೂ ಪಕ್ಕಕ್ಕೆ ನೆರಿಗೆ. ಆ ಹುಡುಗಿ ಒಂದೊಂದು ನೆರಿಗೆಯನ್ನೂ ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ಕೂರಿಸಿದಳು. ಮದುವೆ ಮನೆಯಲ್ಲಿ ದೊಡ್ಡಮ್ಮ ಸೀರೆಯ ನೆರಿಗೆ ಹಿಡಿಯುವುದು ಥೇಟ್ ಹೀಗೇ.

ಒಂದು ವ್ಯತ್ಯಾಸ ಇದೆ. ನಮಗೆ ಸೀರೆ ಯಾವತ್ತೂ ಕೈಬಿಟ್ಟು ಹೋಗಲಿಲ್ಲ. ಅಮ್ಮನ ಪೆಟ್ಟಿಗೆಯಿಂದ ಮಗಳ ಪೆಟ್ಟಿಗೆಗೆ ಬಂತು. ಇವರದ್ದು 17ನೇ ಶತಮಾನದಲ್ಲಿ ಮಂಚೂ ಅರಸರು ಬಂದ ಮೇಲೆ ಬಳಕೆ ತಪ್ಪಿದ ಉಡುಪು. ಮುನ್ನೂರೈವತ್ತು ವರ್ಷದ ಅಂತರ. ಸಮಾಧಿಗಳಲ್ಲಿ ಸಿಕ್ಕ ಬಟ್ಟೆ, ಹಳೆಯ ಚಿತ್ರಗಳು, ಹೀಗೆ ಚೂರು ಚೂರು ಸೇರಿಸಿ ಮತ್ತೆ ಹೊಲಿದುಕೊಂಡಿದ್ದಾರೆ. 2003ರಲ್ಲಿ ವಾಂಗ್ ಲೆಥಿಯನ್ ಎಂಬವರು ಝೆಂಗ್‌ಝೌ ನಗರದ ಬೀದಿಯಲ್ಲಿ ಹಾನ್‌ಫು ಉಟ್ಟು ಒಬ್ಬರೇ ನಡೆದದ್ದು ಆಗ ಸುದ್ದಿಯಾಗಿತ್ತು. ಇವತ್ತು ಮೆಟ್ರೋದಲ್ಲಿ ಹಾನ್‌ಫು ಉಟ್ಟವರ ಪಕ್ಕ ಕೂತವರು ಮೊಬೈಲಿನಿಂದ ತಲೆಯೂ ಎತ್ತುವುದಿಲ್ಲ.

ಸರೋವರದ ಆಚೆ ದಂಡೆಯಲ್ಲಿ ಲೈಫೆಂಗ್ ಗೋಪುರ. 975ರಲ್ಲಿ ಕಟ್ಟಿದ್ದ ಮೂಲ ಗೋಪುರ 1924ರಲ್ಲಿ ಕುಸಿದು ಬಿತ್ತು. ಅದರ ಇಟ್ಟಿಗೆ ಮನೆಯಲ್ಲಿದ್ದರೆ ಒಳ್ಳೆಯದು ಎಂದು ಜನ ಒಂದೊಂದೇ ಕಿತ್ತುಕೊಂಡು ಹೋಗುತ್ತಿದ್ದರಂತೆ. 2002ರಲ್ಲಿ ಹೊಸ ಗೋಪುರ ಕಟ್ಟಿದರು. ಮೇಲೆ ಹೋಗಲು ಎಸ್ಕಲೇಟರ್, ಲಿಫ್ಟ್. ಕೆಳಗೆ ಗಾಜಿನ ಒಳಗೆ ಹಳೆಯ ಇಟ್ಟಿಗೆಯ ದಿಬ್ಬ. ನಾನು ಮೇಲೆ ಹತ್ತಲಿಲ್ಲ. ಆ ದಿಬ್ಬದ ಹತ್ತಿರವೇ ಕೂತಿದ್ದೆ.

ನಾಲ್ಕನೇ ದಿನ: ಷಿಯಾಂಗ್‌ಷಾನ್

ನಾವು ಬಂದದ್ದೇ ಈ ದಿನಕ್ಕೆ. ಚೀನಾ ಅಕಾಡೆಮಿ ಆಫ್ ಆರ್ಟ್ 1928ರಲ್ಲಿ ಶುರುವಾದ ಸಂಸ್ಥೆ. ಅದರ ಷಿಯಾಂಗ್‌ಷಾನ್ ಕ್ಯಾಂಪಸ್ ಊರಿನ ಅಂಚಿನಲ್ಲಿ, ಒಂದು ಪುಟ್ಟ ಗುಡ್ಡದ ಸುತ್ತ ಇದೆ. ಕಟ್ಟಿದವರು ವಾಸ್ತುಶಿಲ್ಪಿ ವಾಂಗ್ ಶು ಮತ್ತು ಅವರ ಹೆಂಡತಿ ಲು ವೆನ್ಯು. 2012ರಲ್ಲಿ ವಾಂಗ್ ಶು ಅವರಿಗೆ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್ಕರ್ ಬಂತು. ಚೀನಾದ ಪ್ರಜೆಯೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು.

ಚೀನಾದ ಊರೂರುಗಳಲ್ಲಿ ಹಳೆಯ ಮನೆಗಳನ್ನು ಕೆಡವುತ್ತಿದ್ದ ಕಾಲ ಅದು. ಆ ಅವಶೇಷದಿಂದ 20 ಲಕ್ಷಕ್ಕೂ ಹೆಚ್ಚು ಹಂಚುಗಳನ್ನು ತಂದು ಇಲ್ಲಿನ ಮಾಡುಗಳಿಗೆ ಹೊದಿಸಿದ್ದಾರೆ. ಗುಜರಿ ಲಾರಿ ಇಲ್ಲಿಗೆ ಬಂದಿದೆ ಅನ್ನಿ.

ಫೋಟೊದಲ್ಲಿ ಕಂಡ ಗೋಡೆಯ ಎದುರು ನಿಂತಾಗ ನನಗೆ ಮಾತು ಹೊರಡಲಿಲ್ಲ. ಹತ್ತಿರ ಹೋದೆ. ಹಂಚು ನಮ್ಮ ನಾಡ ಹಂಚಿನ ತರಹವೇ ಬಾಗಿದ್ದು, ಬಣ್ಣ ಮಾತ್ರ ಬೂದು. ಅಡ್ಡ ಮಲಗಿಸಿ ಒಂದರ ಮೇಲೊಂದು ಇಟ್ಟಿರುವುದರಿಂದ ಅಂಚು ಮಾತ್ರ ಕಾಣುತ್ತದೆ, ಬೆರಳಿನಷ್ಟು ದಪ್ಪದ ಗೆರೆ. ನಡುವೆ ಇಟ್ಟಿಗೆಯ ಪದರ, ಮತ್ತೆ ಹಂಚು. ಒಂದು ಇಟ್ಟಿಗೆಯ ಮೂಲೆ ಮುರಿದಿತ್ತು. ಆ ಮುರಿದ ಜಾಗಕ್ಕೆ ಸರಿಯಾಗಿ ಒಂದು ಹಂಚಿನ ಚೂರನ್ನು ಯಾರೋ ಹುಡುಕಿ ತುರುಕಿದ್ದಾರೆ. ಸಂದಿಯಲ್ಲಿ ಒಂದು ಜರೀಗಿಡ ಚಿಗುರಿತ್ತು.

ಈ ಬಗೆಯ ಗೋಡೆಗೆ ವಾಪಾನ್ ಎನ್ನುತ್ತಾರೆ. ಇದು ವಾಂಗ್ ಶು ಕಂಡುಹಿಡಿದದ್ದಲ್ಲ. ನಿಂಗ್‌ಬೋ ಕಡೆಯ ಕರಾವಳಿಯ ಹಳ್ಳಿಗಳಲ್ಲಿ ಚಂಡಮಾರುತ ಬಂದು ಮನೆ ಬಿದ್ದಾಗ, ಜನ ಆ ರಾಶಿಯಿಂದಲೇ ಸಿಕ್ಕ ಸಿಕ್ಕ ಚೂರು ಆರಿಸಿ ಬೇಗ ಗೋಡೆ ಎಬ್ಬಿಸುತ್ತಿದ್ದರು. ವಾಂಗ್ ಶು 1990ರ ದಶಕದಲ್ಲಿ ಹಲವು ವರ್ಷ ಗಾರೆಯವರ ಜೊತೆ ಸೈಟುಗಳಲ್ಲೇ ಕೆಲಸ ಮಾಡಿದರು. ದೊಡ್ಡ ಕಟ್ಟಡಕ್ಕೆ ಇದನ್ನು ತರಬಹುದು ಎಂಬ ಧೈರ್ಯ ಅಲ್ಲಿಂದ ಬಂದಿರಬೇಕು. 2008ರಲ್ಲಿ ಅವರು ನಿಂಗ್‌ಬೋದಲ್ಲಿ ಕಟ್ಟಿದ ಮ್ಯೂಸಿಯಂಗೂ ಇಂಥದ್ದೇ ಗೋಡೆ.

ಎಲ್ಲವೂ ಚೆನ್ನಾಗಿದೆ ಎಂದು ಹೇಳಲಾರೆ. ಕೆಲವು ಸ್ಟುಡಿಯೋಗಳ ಒಳಗೆ ಬೆಳಕು ಕಡಿಮೆ. ಕಾರಿಡಾರುಗಳು ಗೋಡೆಯ ಹೊರಗೆ ಏರಿಳಿಯುತ್ತಾ ಹೋಗುತ್ತವೆ, ಮಳೆ ಬಂದರೆ ಒದ್ದೆ. ಆದರೆ ವಿದ್ಯಾರ್ಥಿಗಳು ಆ ಇಳಿಜಾರಿನಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು, ಹಾಲು ಚಹಾದ ಲೋಟ ಪಕ್ಕದಲ್ಲಿಟ್ಟು ಕೂತಿದ್ದರು. ಕಟ್ಟಡಗಳ ನಡುವೆ ಹೊಲ ಉಳಿಸಿದ್ದಾರೆ. ಸಾಸಿವೆ ಜಾತಿಯ ಹಳದಿ ಹೂವು ಮುಗಿಯುತ್ತಾ ಬಂದಿತ್ತು.

ಗುಡ್ಡದ ಇನ್ನೊಂದು ಬದಿಗೆ ಜಪಾನಿನ ಕೆಂಗೊ ಕುಮಾ 2015ರಲ್ಲಿ ಕಟ್ಟಿದ ಜಾನಪದ ಕಲೆಗಳ ಮ್ಯೂಸಿಯಂ ಇದೆ. ಅಲ್ಲಿ ಹಂಚುಗಳನ್ನು ಸ್ಟೀಲಿನ ತಂತಿಗೆ ಕಟ್ಟಿ ಗೋಡೆಯ ಮುಂದೆ ಪರದೆಯ ಹಾಗೆ ತೂಗುಬಿಟ್ಟಿದ್ದಾರೆ. ಬಿಸಿಲು ಬಂದಾಗ ಹಂಚಿನ ನೆರಳು ನೆಲದ ಮೇಲೆ ಮೀನಿನ ಹೊರಪೊರೆಯ ಹಾಗೆ ಬೀಳುತ್ತಿತ್ತು. ಪುಟ್ಟಿ ನೆಲದ ಮೇಲೆ ಕೂತು ಎರಡು ಗಂಟೆ ಚಿತ್ರ ಬರೆದಳು. ನಾನು ಅವಳ ಪಕ್ಕ ಕೂತು ಮಂಗಳೂರು ಹಂಚಿನ ಬಗ್ಗೆ ಯೋಚಿಸಿದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು. ಅದಕ್ಕೂ ಮುಂಚಿನದು ಕುಂಬಾರರು ಕೈಯಲ್ಲಿ ಮಾಡಿದ ನಾಡ ಹಂಚು. ನಮ್ಮ ಕೊಟ್ಟಿಗೆಯ ಮೇಲಿದ್ದ ಹಂಚನ್ನು ಯಾರು ಮಾಡಿದ್ದು ಎಂದು ಅಜ್ಜಿಗೆ ಗೊತ್ತಿತ್ತು. ನಾನು ಕೇಳಿರಲಿಲ್ಲ.

ಐದನೇ ದಿನ: ಲಿಂಗ್‌ಯಿನ್, ಆಮೇಲೆ ರೈಲು

ಲಿಂಗ್‌ಯಿನ್ ದೇವಾಲಯವನ್ನು ನಾಲ್ಕನೇ ಶತಮಾನದಲ್ಲಿ ಸ್ಥಾಪಿಸಿದವರು ಹುಯ್‌ಲಿ ಎಂದು ಇಲ್ಲಿ ಕರೆಸಿಕೊಂಡ ಭಾರತದ ಭಿಕ್ಷು. ಎದುರಿನ ಸುಣ್ಣಕಲ್ಲಿನ ಬೆಟ್ಟ ನೋಡಿ, ಇದು ನಮ್ಮ ದೇಶದ ಬೆಟ್ಟ, ಇಲ್ಲಿಗೆ ಯಾವಾಗ ಹಾರಿ ಬಂತು ಎಂದು ಅವರು ಕೇಳಿದರಂತೆ. ಹಾಗಾಗಿ ಅದರ ಹೆಸರೇ ಹಾರಿ ಬಂದ ಬೆಟ್ಟ. ಅದರ ಮೈಮೇಲೆ ನೂರಾರು ಬುದ್ಧರು. ದೂರದೇಶದಲ್ಲಿ ಮನೆ ನೆನಪಾದವನ ಮಾತಿನ ಹಾಗೆ ಆ ಕಥೆ ನನಗೆ ಕೇಳಿಸಿತು.

ಭಕ್ತರಲ್ಲಿ ಅರ್ಧಕ್ಕಿಂತ ಜಾಸ್ತಿ ಯುವಜನ. ಊದುಬತ್ತಿ ಹಿಡಿದು ನಾಲ್ಕು ದಿಕ್ಕಿಗೂ ಬಾಗುತ್ತಿದ್ದರು. ಮಣಿಗಳ ಕೈಬಳೆ ಕೊಳ್ಳಲು ಉದ್ದದ ಸಾಲು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಶುರುವಾದಾಗ ಹಳತನ್ನೆಲ್ಲ ನಾಶ ಮಾಡಿ ಎಂದು ಹೊರಟವರೂ ಯುವಕರೇ. ಅವರ ಮೊಮ್ಮಕ್ಕಳ ವಯಸ್ಸಿನವರು ಈಗ ಇಲ್ಲಿ ಕೆಲಸ ಸಿಗಲಿ, ಪರೀಕ್ಷೆ ಪಾಸಾಗಲಿ ಎಂದು ಕೈ ಮುಗಿಯುತ್ತಿದ್ದಾರೆ. 2023ರ ಜೂನ್‌ನಲ್ಲಿ ನಗರಗಳಲ್ಲಿ 16ರಿಂದ 24 ವಯಸ್ಸಿನವರ ನಿರುದ್ಯೋಗ ಶೇಕಡಾ 21.3 ಇತ್ತು. ಆ ಸಾಲಿನಲ್ಲಿ ನಿಂತವರ ಮುಖ ನೋಡಿದರೆ ಆ ಸಂಖ್ಯೆ ಅರ್ಥವಾಗುತ್ತದೆ.

ಮಾಂಸ ತಿನ್ನದ ನಮಗೆ ಅಲ್ಲಿನ ಊಟ ಹಬ್ಬ. ಅಣಬೆ, ಬಿದಿರಿನ ಕಳಲೆ ಹಾಕಿದ ಬಿಸಿ ನೂಡಲ್ಸ್. ಕಳಲೆ ನಮ್ಮೂರಿನ ರುಚಿಯೇ. ಮಧ್ಯಾಹ್ನ ರೈಲು ಹತ್ತಿದೆವು. ಈ ಹೊಸ ಮಾರ್ಗ ಹುವಾಂಗ್‌ಷಾನ್ ಕಡೆಯ ಬೆಟ್ಟಗಳಲ್ಲಿ ಸುರಂಗದಿಂದ ಸುರಂಗಕ್ಕೆ ನುಗ್ಗುತ್ತದೆ. ಜಿಂಗ್‌ದೆಜೆನ್‌ವರೆಗೆ ತೆರೆದದ್ದು 2023ರ ಡಿಸೆಂಬರ್‌ನಲ್ಲಿ.

ಆರನೇ ದಿನ, ಶುಕ್ರವಾರ: ಜಿಂಗ್‌ದೆಜೆನ್

ಪಿಂಗಾಣಿಯ ರಾಜಧಾನಿ ಇದು. ಬೀದಿ ದೀಪದ ಕಂಬಕ್ಕೂ ನೀಲಿ ಬಿಳಿ ಪಿಂಗಾಣಿ ಹೊದಿಸಿದ್ದಾರೆ. ಊರಿಗೆ ಹೆಸರು ಬಂದದ್ದು 1004ರಲ್ಲಿ, ಸಾಂಗ್ ವಂಶದ ಚಕ್ರವರ್ತಿಯ ಜಿಂಗ್‌ದೆ ಆಳ್ವಿಕೆಯ ಕಾಲದಿಂದ. ಪಿಂಗಾಣಿಗೆ ಬೇಕಾದ ಬಿಳಿ ಜೇಡಿಗೆ ಜಗತ್ತೆಲ್ಲ ಕೆಯೊಲಿನ್ ಎನ್ನುತ್ತದಲ್ಲ, ಅದು ಇಲ್ಲಿಯ ಹತ್ತಿರದ ಗಾವೊಲಿಂಗ್ ಎಂಬ ಊರಿನ ಹೆಸರು.

ಬೆಳಗ್ಗೆ ಇಂಪೀರಿಯಲ್ ಕಿಲ್ನ್ ಮ್ಯೂಸಿಯಂಗೆ ಹೋದೆವು. 2020ರಲ್ಲಿ ತೆರೆದದ್ದು, ವಾಸ್ತುಶಿಲ್ಪಿ ಝು ಪೇ. ಅರಮನೆಗೆ ಪಿಂಗಾಣಿ ಮಾಡುತ್ತಿದ್ದ ಆವಿಗೆಗಳ ಪಕ್ಕದಲ್ಲೇ, ಉದ್ದಕ್ಕೆ ಮಲಗಿದ ಆವಿಗೆಯ ಆಕಾರದ ಕಮಾನುಗಳು. ಇಟ್ಟಿಗೆಯಲ್ಲಿ ಹಳೆಯದೂ ಹೊಸದೂ ಬೆರೆತಿವೆ. ಆವಿಗೆಯ ಇಟ್ಟಿಗೆ ಎರಡು ಮೂರು ವರ್ಷ ಸುಟ್ಟರೆ ಶಾಖ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ. ಆಗ ಅದನ್ನು ಬಿಚ್ಚಿ ಹೊಸದು ಕಟ್ಟುತ್ತಾರೆ. ಬಿಚ್ಚಿದ ಇಟ್ಟಿಗೆಯಿಂದ ಊರಿನವರು ಮನೆ ಕಟ್ಟಿಕೊಳ್ಳುತ್ತಿದ್ದರು. ಚಳಿಗಾಲದಲ್ಲಿ ಶಾಲೆಗೆ ಹೋಗುವ ಮಕ್ಕಳು ಒಂದು ಬಿಸಿ ಇಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದರು ಎಂದು ಝು ಪೇ ಹೇಳಿದ್ದಾರೆ. ನಾನು ಗೋಡೆಯ ಒಂದು ಕಪ್ಪಾದ ಇಟ್ಟಿಗೆಯ ಮೇಲೆ ಕೈ ಇಟ್ಟೆ. ತಣ್ಣಗಿತ್ತು. ಒಂದು ಕಡೆ ಗಾಜಿನ ಹಾಗೆ ಹೊಳೆಯುತ್ತಿತ್ತು. ಬೆಂಕಿಯ ಕಡೆಗಿದ್ದ ಮುಖ ಅದು.

ಅರಮನೆಗೆ ಹೋಗುವ ಪಾತ್ರೆಯಲ್ಲಿ ಕೂದಲೆಳೆಯಷ್ಟು ಊನ ಇದ್ದರೂ ಒಡೆದು ಹೂಳುತ್ತಿದ್ದರು. ಬೇರೆ ಯಾರೂ ಬಳಸಬಾರದು. 1980ರ ದಶಕದಿಂದ ಅಗೆದು, ಆ ಚೂರುಗಳನ್ನು ಅಂಟಿಸಿ ಮತ್ತೆ ಪಾತ್ರೆ ಮಾಡಿದ್ದಾರೆ. ಇಲ್ಲದ ಜಾಗಕ್ಕೆ ಬಿಳಿ ಗಾರೆ ತುಂಬಿದ್ದಾರೆ, ಬಿರುಕನ್ನು ಮುಚ್ಚಿಲ್ಲ. 15ನೇ ಶತಮಾನದ ಚಂಗ್‌ಹ್ವಾ ಚಕ್ರವರ್ತಿಯ ಕಾಲದ ಒಂದು ಇಡೀ ಬಟ್ಟಲು, ಮೇಲೆ ಹುಂಜ, ಹೇಂಟೆ, ಮರಿಗಳ ಚಿತ್ರ ಇರುವುದು, 2014ರಲ್ಲಿ ಹಾಂಗ್‌ಕಾಂಗ್‌ನಲ್ಲಿ 28 ಕೋಟಿ ಹಾಂಗ್‌ಕಾಂಗ್ ಡಾಲರ್‌ಗೆ ಹರಾಜಾಯಿತು. ಕೊಂಡ ಲಿಯು ಯಿಚಿಯನ್ ಅದರಲ್ಲಿ ಚಹಾ ಕುಡಿದ ಫೋಟೊ ನೋಡಿ ತುಂಬ ಜನ ಸಿಟ್ಟಾದರು. ನನಗೆ ಸಿಟ್ಟು ಬರಲಿಲ್ಲ. ಬಟ್ಟಲು ಇರುವುದೇ ಕುಡಿಯಲಿಕ್ಕೆ, ಅಲ್ವಾ?

ರಾತ್ರಿ ತಾವ್‌ಷಿಚುವಾನ್. 1958ರ ಸರ್ಕಾರಿ ಪಿಂಗಾಣಿ ಕಾರ್ಖಾನೆ ಅದು. 1990ರ ದಶಕದಲ್ಲಿ ಈ ಊರಿನ ಹತ್ತು ದೊಡ್ಡ ಸರ್ಕಾರಿ ಕಾರ್ಖಾನೆಗಳು ಮುಚ್ಚಿದವು, ಸಾವಿರಾರು ಜನರಿಗೆ ಕೆಲಸ ಹೋಯಿತು. 2016ರಲ್ಲಿ ಅದೇ ಗರಗಸದ ಹಲ್ಲಿನ ಮಾಡು, ಅದೇ ಎತ್ತರದ ಚಿಮಣಿಗಳನ್ನು ಹಾಗೇ ಇಟ್ಟುಕೊಂಡು ಕಲೆ, ಅಂಗಡಿ, ಸ್ಟುಡಿಯೋಗಳ ಜಾಗ ಮಾಡಿದರು. ವಾರದ ಕೊನೆಗೆ ಅಂಗಳದಲ್ಲಿ ಸಂತೆ. ನೂರಾರು ಪುಟ್ಟ ಮೇಜುಗಳು, ಪ್ರತಿ ಮೇಜಿಗೂ ಒಂದು ದೀಪ.

ಏಳನೇ ದಿನ, ಶನಿವಾರ

ಹಳೆಯ ಶಿಲ್ಪ ಕಾರ್ಖಾನೆಯ ಓಣಿಯಲ್ಲಿ ಬೆಳಗ್ಗೆ ಲೆಥಿಯನ್ ಸಂತೆ. ಕಲಾವಿದರಿಗಾಗಿ 2008ರಲ್ಲಿ ಶುರುವಾದದ್ದು. ಇಲ್ಲಿ ಪುಟ್ಟಿಗೆ ಒಬ್ಬ ಗೆಳತಿ ಸಿಕ್ಕಳು. ಇಪ್ಪತ್ತೆಂಟು ವರ್ಷದವಳು. ಮೊದಲು ದೊಡ್ಡ ನಗರದ ಐಟಿ ಕಂಪನಿಯಲ್ಲಿದ್ದಳು. ಅಲ್ಲಿ 996 ಪದ್ಧತಿ, ಅಂದರೆ ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ, ವಾರಕ್ಕೆ 6 ದಿನ ದುಡಿತ. ಅದು ಕಾನೂನುಬಾಹಿರ ಎಂದು ಚೀನಾದ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ನಮ್ಮಲ್ಲಿ ಹಾಗೇ ನಡೆಯುತ್ತಿತ್ತು ಎಂದಳು ಈ ಹುಡುಗಿ. ಅದೇ ವರ್ಷ ತಾಂಗ್‌ಪಿಂಗ್ ಎಂಬ ಮಾತು ಎಲ್ಲರ ಬಾಯಲ್ಲೂ ಬಂತು. ಸುಮ್ನೆ ಮಲಗಿಬಿಡುವುದು, ಓಟ ಬಿಡುವುದು ಎಂದರ್ಥ. "ನಾನು ಮಲಗಲಿಲ್ಲ, ಇಲ್ಲಿಗೆ ಬಂದೆ" ಎಂದು ಅವಳ ಮೊಬೈಲು ಅನುವಾದಿಸಿತು. ಇವಳಂಥವರು ಊರಲ್ಲಿ ಹತ್ತಾರು ಸಾವಿರ ಇದ್ದಾರೆ. ಅವರಿಗೆ ಜಿಂಗ್‌ಪ್ಯಾವ್ ಎಂದೇ ಹೆಸರು, ಜಿಂಗ್‌ದೆಜೆನ್‌ಗೆ ತೇಲಿ ಬಂದವರು.

ಮಧ್ಯಾಹ್ನ ಅವಳ ಕೋಣೆಗೆ ಕರೆದಳು. ತಿಗರಿ, ಒಂದು ಮಂಚ, ಗೋಡೆ ತುಂಬ ಹಲಗೆ. ಸ್ವಂತ ಭಟ್ಟಿ ಇಲ್ಲ. ಒಣಗಿದ ಬಟ್ಟಲುಗಳನ್ನು ಉದ್ದದ ಹಲಗೆಯ ಮೇಲಿಟ್ಟು ಓಣಿಯ ಸಾಮೂಹಿಕ ಭಟ್ಟಿಗೆ ಒಯ್ಯಬೇಕು. ಎಷ್ಟು ಜಾಗ ಬೇಕೋ ಅಷ್ಟಕ್ಕೆ ದುಡ್ಡು. ಸಂಜೆ ನಾವೂ ಹೋದೆವು. ಅವಳು ಹಲಗೆಯನ್ನು ಹೆಗಲ ಮೇಲಿಟ್ಟು, ಕಾರು, ಸ್ಕೂಟರುಗಳ ನಡುವೆ ಹೆಜ್ಜೆ ಜಾರಿಸುವ ಹಾಗೆ ನಡೆದಳು. ತೋಳು ಅಲುಗಲಿಲ್ಲ. ಹೇಗೆ ಕಲಿತದ್ದು ಎಂದು ಕೇಳಿದರೆ ಭಟ್ಟಿಯವರ ಕಡೆ ಕೈ ತೋರಿಸಿದಳು. ಅವರಿಗೆ ಅರವತ್ತು ದಾಟಿದೆ. ಮುಚ್ಚಿಹೋದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿದ್ದವರು. ಅವಳನ್ನು ನೋಡಿದ ಕೂಡಲೇ ಒಂದು ಬಟ್ಟಲು ಎತ್ತಿ, ಬುಡವನ್ನು ಉಗುರಿನಿಂದ ತಟ್ಟಿ ಕಿವಿಗೆ ಹಿಡಿದರು. ಏನೋ ಗೊಣಗಿ ಅದನ್ನು ಬದಿಗಿಟ್ಟರು. ಒಳಗೆ ಬಿರುಕಿದೆಯಂತೆ, ಸುಟ್ಟರೆ ಒಡೆಯುತ್ತದೆ. ಅವಳು ತೆಗೆದುಕೊಂಡು ನೋಡಿದಳು, ನಮಗೆ ಯಾರಿಗೂ ಕಾಣಲಿಲ್ಲ. ಅವಳು ಆ ಬಟ್ಟಲನ್ನು ಪಕ್ಕದ ನೀರಿನ ಬಕೆಟಿಗೆ ಹಾಕಿದಳು. ಸುಡದ ಮಣ್ಣು ತಾನೇ, ಕರಗಿ ಮತ್ತೆ ಜೇಡಿಯಾಗುತ್ತದೆ.

ಒಂದು ಬಟ್ಟಲು ಮುಗಿಯುವ ಹೊತ್ತಿಗೆ 72 ಕೈ ದಾಟುತ್ತದೆ ಎಂದು 1637ರ ಒಂದು ಗ್ರಂಥದಲ್ಲಿದೆ. ಆ ಎಲ್ಲ ಕೆಲಸವನ್ನೂ ಒಬ್ಬಳೇ ಕಲಿಯಲು ಹೊರಟವಳು ಇವಳು. ದುಡ್ಡು ಸಾಲುತ್ತಾ ಎಂದು ಕೇಳಿದೆ. ಕೆಲವು ತಿಂಗಳು ಇಲ್ಲ ಎಂದಳು. ಆ ತಿಂಗಳು ಅಮ್ಮ ಕಳಿಸುತ್ತಾರೆ. ಅಮ್ಮನಿಗೆ ಅವಳು ಮದುವೆಯಾಗಬೇಕು ಎಂದು ಆಸೆ. ಶಾಂಘೈ ಪಾರ್ಕಿನ ಕೊಡೆಗಳು ಕಣ್ಣ ಮುಂದೆ ಬಂದವು.

ಎಂಟನೇ ದಿನ

ಜೋರು ಮಳೆ. ಚೀನಾ ಸೆರಾಮಿಕ್ಸ್ ಮ್ಯೂಸಿಯಂನಲ್ಲಿ ಬೌದ್ಧ ಅರ್ಹಂತನೊಬ್ಬನ ಮೂರ್ತಿಯ ಮುಂದೆ ಮಾತ್ರ ಭಾರಿ ಗುಂಪು. ಬೇಸತ್ತು, ಮಾತೇ ಬೇಡ ಎಂಬಂಥ ಮುಖ. ಕೆಲಸದಿಂದ ದಣಿದ ಯುವಜನ ಅವನಲ್ಲಿ ತಮ್ಮನ್ನೇ ಕಂಡು ಮಾತು ಬಾರದ ಬೋಧಿಸತ್ತ್ವ ಎಂದು ಹೆಸರಿಟ್ಟಿದ್ದಾರೆ. ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ಆಗಿಯೂ ಸಿಗುತ್ತಾನೆ. ಪುಟ್ಟಿ ಎರಡು ಕೊಂಡಳು. ಊಟಕ್ಕೆ ಮೂಲಂಗಿ ತುಂಬಿದ, ಹಬೆಯಲ್ಲಿ ಬೇಯಿಸಿದ ಜ್ಯಾವ್‌ಜಿಬಾ. ನಮ್ಮ ಕಡುಬಿನ ತಂಗಿ, ಖಾರ ಮಾತ್ರ ಎರಡು ಪಟ್ಟು.

ಒಂಬತ್ತನೇ ದಿನ, ಸೋಮವಾರ

ಸೋಮವಾರ ಬೆಳಕು ಹರಿಯುವ ಮುಂಚೆ ಇಲ್ಲಿ ಚೂರುಗಳ ಸಂತೆ ಸೇರುತ್ತದೆ. ದೆವ್ವದ ಸಂತೆ ಎನ್ನುತ್ತಾರೆ, ಕತ್ತಲಲ್ಲಿ ನಡೆಯುವುದರಿಂದ. ನಾಲ್ಕೂವರೆಗೆ ಎದ್ದು ಹೋದೆವು. ಮಳೆ ನಿಂತಿತ್ತು. ನೆಲದ ಮೇಲೆ ಹಾಸಿದ ಬಟ್ಟೆ, ಬಟ್ಟೆಯ ಮೇಲೆ ರಾಶಿ ಒಡಕು ಪಿಂಗಾಣಿ. ಎಲ್ಲರ ಕೈಯಲ್ಲೂ ಟಾರ್ಚು. ಮುದುಕರು ಭೂತಗನ್ನಡಿ ಹಿಡಿದು ಬಗ್ಗಿದ್ದರು. ಅವರ ಪಕ್ಕ ಹುಡುಗ ಹುಡುಗಿಯರು, ನೀಲಿ ಬಣ್ಣ ಹೇಗೆ ಹರಡಿದೆ, ಎಷ್ಟು ತೆಳ್ಳಗೆ ತಟ್ಟಿದ್ದಾರೆ ಎಂದು ಬೆರಳಲ್ಲಿ ತಡವುತ್ತಿದ್ದರು. ಹಳೆಯದು ಕೊಳ್ಳಬಾರದು ಎಂದು ನಾವು ಮೊದಲೇ ನಿಶ್ಚಯಿಸಿದ್ದೆವು. ಪುರಾತನ ವಸ್ತುಗಳನ್ನು ದೇಶದ ಹೊರಗೆ ಒಯ್ಯುವ ಹಾಗಿಲ್ಲ. ನೋಡಲಿಕ್ಕೆ ಅಡ್ಡಿ ಇಲ್ಲವಲ್ಲ.

ಒಬ್ಬರು ಒಂದು ಬಟ್ಟಲಿನ ಬುಡವನ್ನು ಟಾರ್ಚಿನ ಕೆಳಗೆ ತಿರುಗಿಸಿ ಪುಟ್ಟಿಗೆ ತೋರಿಸಿದರು. ಬುಡದ ಬಳೆಯ ಹತ್ತಿರ ಮೂರು ಕಡೆ ಮೆರುಗು ಹತ್ತಿರಲಿಲ್ಲ. ಮೆರುಗಿನ ನೀರಿಗೆ ಅದ್ದುವಾಗ ಯಾರೋ ಹಿಡಿದಿದ್ದ ಬೆರಳುಗಳ ಗುರುತು. ಪುಟ್ಟಿ ತನ್ನ ಬೆರಳುಗಳನ್ನು ಅಲ್ಲಿಟ್ಟಳು. ಎರಡು ಸರಿಯಾಗಿ ಕೂತವು, ಹೆಬ್ಬೆರಳಿನದ್ದು ಸ್ವಲ್ಪ ದೂರವಾಯಿತು. "ದೊಡ್ಡ ಕೈ ಇತ್ತು, ಚಿಕ್ಕಮ್ಮ" ಎಂದಳು.

ಊರಲ್ಲಿ ಆಗ ಬೆಳಗಿನ ಮೂರು ಗಂಟೆ ದಾಟಿತ್ತಷ್ಟೇ. ಆದರೂ ಅಲ್ಲೇ ನಿಂತು ಅಣ್ಣನಿಗೆ ಮೆಸೇಜ್ ಹಾಕಿದೆ, ತೋಟದ ಮೂಲೆಯ ನಾಡ ಹಂಚು ಇದೆಯಾ, ಯಾರಿಗೂ ಕೊಡಬೇಡ ಎಂದು. ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಅವನ ಧ್ವನಿ ಬಂತು. ಹಿಂದೆ ಕೋಳಿ ಕೂಗುತ್ತಿತ್ತು.

"ಇದೆ ಮಾರಾಯ್ತಿ. ಪಾಚಿ ಹಿಡಿದಿದೆ. ಮುನ್ನೂರು ಇರಬಹುದು, ಅರ್ಧ ಒಡೆದದ್ದು. ಒಡೆದದ್ದೂ ಬೇಕಾ?"

ಪುಟ್ಟಿ ನನ್ನ ಕೈಯಿಂದ ಮೊಬೈಲು ಇಸಿದುಕೊಂಡಳು. "ಮಾವ, ಒಡೆದದ್ದೇ ಮೊದಲು ಬೇಕು" ಎಂದು ಹೇಳಿ ಕಳಿಸಿದಳು.